ಭೀಮ ಎಲ್ಲಿ ಮಿಸ್?

ಧನಲಕ್ಷ್ಮಿಗೆ ಮೃಗಾಲಯದಲ್ಲಿ ಕೆಲಸ ಸಿಕ್ಕಿತು ಎಂದಾಗ ಅವಳ ಅಪ್ಪ ಸಣ್ಣಯ್ಯ ಕೇಳಿದ್ದು ಒಂದೇ ಮಾತು: “ಇಸ್ಕೂಲ್ ಐಕ್ಳಿಗೆ ಪಾಠ ಏಳ್ತಿದ್ದೋಳು ಈಗ ಕರಡಿಗೆ ಏಳ್ತೀಯೇನವ್ವಾ?”

ಕೊಣನೂರಿನ ಮಗ್ಗುಲ ಹಳ್ಳಿಯವಳು ಧನಲಕ್ಷ್ಮಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಅರಕಲಗೂಡಿನ ಪ್ರೌಢಶಾಲೆಯೊಂದರಲ್ಲಿ ನಾಲ್ಕು ವರ್ಷ ಅತಿಥಿ ಶಿಕ್ಷಕಿಯಾಗಿದ್ದಳು. ಪ್ರತಿ ಜೂನ್ ತಿಂಗಳಲ್ಲೂ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾದು ಕಾದು ಸಾಕಾಗಿತ್ತು. ಹಾಸನದ ಹೊರಗಿನ ಹೊನ್ನೇಗುಡ್ಡ ಕಿರು ಮೃಗಾಲಯಕ್ಕೆ ಮಕ್ಕಳಿಗೆ ವಿವರ ಹೇಳುವವರು ಬೇಕು ಎಂಬ ಪ್ರಕಟಣೆ ನೋಡಿ ಅರ್ಜಿ ಹಾಕಿದಳು. ಅದೂ ಗುತ್ತಿಗೆಯ ಕೆಲಸವೇ. ಆದರೆ ಮದುವೆಯಾಗಿ ದುದ್ದಕ್ಕೆ ಬಂದಿದ್ದವಳಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಸೇರಿಕೊಂಡಳು. ಒಂಬತ್ತು ವರ್ಷ ಅಲ್ಲೇ ಕಳೆಯಿತು.

ಹುದ್ದೆಯ ಹೆಸರು ‘ಶಿಕ್ಷಣ ಸಂಯೋಜಕಿ’. ಕೆಲಸ ಹೆಸರಿನಷ್ಟು ದೊಡ್ಡದಲ್ಲ. ಶಾಲೆಯ ಬಸ್ಸು ಬಂದು ನಿಂತರೆ ಗೇಟಿಗೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು, ಕೈಯಲ್ಲಿರುವ ಚಿಪ್ಸ್ ಪೊಟ್ಟಣಗಳನ್ನು ಬ್ಯಾಗಿಗೆ ಹಾಕಿಸಬೇಕು, ಸೊಂಟಕ್ಕೆ ಸಣ್ಣ ಸ್ಪೀಕರ್ ಕಟ್ಟಿಕೊಂಡು ಒಂದು ಗಂಟೆ ಸುತ್ತಾಡಿಸಬೇಕು. ಜಿಂಕೆ, ಕಡವೆ, ಎರಡು ಚಿರತೆ, ಮುಳ್ಳುಹಂದಿ, ಮೊಸಳೆ. ಕೊನೆಗೆ ಕರಡಿ. ನಡುವೆ ದೊಡ್ಡವರು ಯಾರಾದರೂ ಚಿರತೆಯನ್ನು ಎಬ್ಬಿಸಲು ಕಲ್ಲೆಸೆದರೆ ಹೋಗಿ ಬೇಡ ಎನ್ನಬೇಕು. “ನಿಮ್ಮಪ್ಪನ ಮನೆ ಚಿರತೆಯೇನಮ್ಮ?” ಎಂದು ಕೇಳಿದವರಿಗೂ ‘ದಯವಿಟ್ಟು ಸರ್’ ಎಂದೇ ಉತ್ತರ ಕೊಡಬೇಕು. ವರ್ಷಗಳು ಕಳೆದಂತೆ ಅವಳಿಗೆ ಅದೆಲ್ಲ ಅಭ್ಯಾಸವಾಗಿತ್ತು. ಅಥವಾ ಅಭ್ಯಾಸವಾಗಿದೆ ಎಂದು ಅವಳು ಅಂದುಕೊಂಡಿದ್ದಳು.

ಕರಡಿಯ ಹೆಸರು ಭೀಮ. ಹತ್ತೊಂಬತ್ತು ವರ್ಷದ ಹಿಂದೆ ಅರಸೀಕೆರೆ ಕಡೆಯ ಹಾಳುಬಾವಿಯೊಂದರಿಂದ ಮೇಲೆತ್ತಿ ತಂದ ಮರಿ. ದೊಡ್ಡಗದ್ದವಳ್ಳಿಯ ನಂಜಯ್ಯ, ಆಗಿನ್ನೂ ಹೊಸದಾಗಿ ಸೇರಿದ್ದ ಪ್ರಾಣಿಪಾಲಕ, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. ಭೀಮನ ಆವರಣದಲ್ಲಿ ಸಿಮೆಂಟಿನದೊಂದು ಹುತ್ತ ಕಟ್ಟಿಸಿದ್ದರು. ಅದರ ತೂತುಗಳಿಗೆ ನಂಜಯ್ಯ ಬೆಲ್ಲದ ನೀರೋ ಜೇನೋ ಸುರಿದಿಟ್ಟರೆ ಭೀಮ ಮೂತಿಯಿಟ್ಟು ‘ಸುರ್’ ಎಂದು ಎಳೆಯುವ ಸದ್ದು ಟಿಕೆಟ್ ಕೌಂಟರಿನವರೆಗೂ ಕೇಳುತ್ತಿತ್ತು. ಧನಲಕ್ಷ್ಮಿ ಮಕ್ಕಳಿಗೆ ಆ ಸದ್ದು ಕಲಿಸುತ್ತಿದ್ದಳು. ತುಟಿ ಮುಂದೆ ಮಾಡಿ ಉಸಿರು ಒಳಗೆಳೆಯಬೇಕು. ಐವತ್ತು ಮಕ್ಕಳು ಒಟ್ಟಿಗೆ ಎಳೆದರೆ ಭೀಮ ಮರದ ನೆರಳಿನಿಂದ ಎದ್ದು, ಸೋಮಾರಿಯಂತೆ ಮೈ ಕುಲುಕುತ್ತ, ಕಂದಕದ ಅಂಚಿಗೆ ಬಂದು ನಿಲ್ಲುತ್ತಿದ್ದ. ಮಕ್ಕಳು ಊರಿಗೆ ಹೋಗಿ ತಮ್ಮಂದಿರಿಗೆ, ತಂಗಿಯರಿಗೆ ಇದನ್ನೇ ಹೇಳುತ್ತಿದ್ದರು. ಹೀಗಾಗಿ ಮುಂದಿನ ವರ್ಷ ಬರುವ ಮಕ್ಕಳಿಗೆ ಗೇಟಿನಲ್ಲೇ ಅವನ ಹೆಸರು ಗೊತ್ತಿರುತ್ತಿತ್ತು.

ಶಾಲಾ ಪ್ರವಾಸದ ಸೀಸನ್ನು ನವೆಂಬರಿನಿಂದ ಜನವರಿವರೆಗೆ. ಎರಡು ವರ್ಷದ ಹಿಂದೆ, ಆ ಸೀಸನ್ನಿನ ನಟ್ಟನಡುವೆ, ಭೀಮ ಊಟ ಬಿಟ್ಟ. ಡಾಕ್ಟರು ಮೂರು ದಿನ ಡ್ರಿಪ್ ಹಾಕಿದರು. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ದುದ್ದದ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಧನಲಕ್ಷ್ಮಿಗೆ ನಂಜಯ್ಯನ ಫೋನು ಬಂತು.

“ಓಗ್ಬುಟ್ಟ ಕಣವ್ವ,” ಎಂದ. ಫೋನು ಮಾತ್ರ ಇಡಲಿಲ್ಲ.

ಅವಳು ಹೋಗುವಷ್ಟರಲ್ಲಿ ಮರಣೋತ್ತರ ಪರೀಕ್ಷೆ ಮುಗಿದಿತ್ತು. ನಿಯಮದಂತೆ ಅಧಿಕಾರಿಗಳ ಎದುರು, ಗೋದಾಮಿನ ಹಿಂದಿನ ಬಯಲಲ್ಲಿ, ಸುಟ್ಟರು. ಬೆಂಕಿ ಆರುವವರೆಗೆ ನಂಜಯ್ಯ ಕುಕ್ಕುರುಗಾಲಲ್ಲಿ ಕೂತಿದ್ದ. ಮೃಗಾಲಯದ ಉಸ್ತುವಾರಿ ನೋಡುತ್ತಿದ್ದ ಅರಣ್ಯಾಧಿಕಾರಿ ಸುದರ್ಶನ್ ಅಲ್ಲಿಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತಷ್ಟೆ. ಎಲ್ಲರನ್ನೂ ಆಫೀಸಿಗೆ ಕರೆಸಿ ಹೇಳಿದರು: “ಪ್ರಯೋಗಾಲಯದ ವರದಿ ಬರೋವರೆಗೂ ಯಾರೂ ಹೊರಗೆ ಬಾಯಿ ಬಿಡಬೇಡಿ. ಸೋಂಕು ಗೀಂಕು ಅಂತ ಸುದ್ದಿ ಹಬ್ಬಿದರೆ ಕಷ್ಟ. ಮೇಲಿನವರು ಹಾಗೇ ಹೇಳಿದ್ದಾರೆ. ಯಾರಾದರೂ ಕೇಳಿದರೆ ಚಿಕಿತ್ಸೆಯಲ್ಲಿದೆ ಅನ್ನಿ.”

“ಎಷ್ಟು ದಿನ ಸರ್?” ಎಂದು ಕೇಳಿದ್ದು ಧನಲಕ್ಷ್ಮಿಯೊಬ್ಬಳೇ.

“ಒಂದು ವಾರ. ಹೆಚ್ಚೆಂದರೆ ಹತ್ತು ದಿನ.”

ಮಾರನೆಯ ದಿನ ಏಳು ಬಸ್ಸು ಬಂದವು. ಮೊದಲನೆಯ ಬಸ್ಸಿನಿಂದ ಇಳಿದ ಹುಡುಗ ಗೇಟಿನಲ್ಲೇ ಕೇಳಿದ, “ಭೀಮ ಎಲ್ಲಿ ಮಿಸ್?”

“ಅವನಿಗೆ ಹುಷಾರಿಲ್ಲ ಪುಟ್ಟ. ಡಾಕ್ಟರು ನೋಡ್ತಿದ್ದಾರೆ.”

ಮೊದಲ ಸಲ ಅಷ್ಟು ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಅದರ ಹಿಂದೆಯೇ ಬರುತ್ತಿದ್ದ ಪ್ರಶ್ನೆಗಳು. ಏನಾಗಿದೆ? ಸೂಜಿ ಚುಚ್ತಾರಾ? ಊಟ ಮಾಡ್ತಾನಾ? ಯಾವಾಗ ಬರ್ತಾನೆ? ಒಂದು ಸುಳ್ಳು ಬೀಳದಂತೆ ನಿಲ್ಲಿಸಲು ನಾಲ್ಕು ಸುಳ್ಳು ಆನಿಸಬೇಕಾಗುತ್ತಿತ್ತು. ‘ಮೆತ್ತಗೆ ಬೇಯಿಸಿದ ಅನ್ನ ಕೊಡ್ತಿದ್ದೀವಿ’ ಎಂದು ಒಮ್ಮೆ ಬಾಯಿಂದ ಬಂದುಬಿಟ್ಟಿತು. ಅದನ್ನು ಕೇಳಿದ ಮಕ್ಕಳು ಸಮಾಧಾನದಿಂದ ತಲೆಯಾಡಿಸಿದರು. ಒಂದು ಶನಿವಾರ ಲೆಕ್ಕವಿಟ್ಟಳು. ಅರವತ್ತಮೂರು ಸಲ ಹೇಳಿದ್ದಳು.

ಹತ್ತು ದಿನ ಕಳೆಯಿತು. ವರದಿ ಬರಲಿಲ್ಲ.

ಧನಲಕ್ಷ್ಮಿಯ ಗಂಟಲು ಕಟ್ಟತೊಡಗಿತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದ ದನಿ ಕರಡಿ ಆವರಣದ ಹತ್ತಿರ ಬರುತ್ತಿದ್ದಂತೆ ಗೊಗ್ಗರಾಗಿ ಒಡೆಯುತ್ತಿತ್ತು. ಹಾಸನದಲ್ಲಿ ಡಾಕ್ಟರಿಗೆ ತೋರಿಸಿದಳು. ಟಾರ್ಚು ಬಿಟ್ಟು ನೋಡಿ, ಗಂಟಲಲ್ಲಿ ಏನೂ ಇಲ್ಲ, ಬಿಸಿನೀರು ಕುಡಿಯಿರಿ ಎಂದರು. ಮನೆಯಲ್ಲಿ ಗಂಡ ಅಶೋಕ ಸಾರಿಗೆ ಉಪ್ಪು ಸಾಲದು ಎಂದದ್ದಕ್ಕೆ ತಟ್ಟೆ ಎತ್ತಿಕೊಂಡು ಹೋಗಿ ಒಳಗಿಟ್ಟಳು. ಅಶೋಕ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ, ಮಾತು ಕಡಿಮೆಯ ಮನುಷ್ಯ. “ಏನಾದ್ರೂ ಆಯ್ತಾ?” ಎಂದ. “ಏನಿಲ್ಲ,” ಎಂದಳು. ಯಾರೂ ಬಾಯಿ ಬಿಡಬೇಡಿ ಎಂದಿದ್ದರಲ್ಲ, ಅವಳು ಗಂಡನಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ದುದ್ದದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವಳು ಕಣ್ಣೆದುರಿಗೆ ಬಂದ ಎರಡು ಬಸ್ಸುಗಳನ್ನು ಬಿಟ್ಟಳು. ರಶ್ ಏನೂ ಇರಲಿಲ್ಲ. ಮೂರನೆಯದು ಬಂದಾಗ ಹತ್ತಿದಳು.

ಆ ನವೆಂಬರಿನಲ್ಲಿ ಹೊಸದಾಗಿ ಒಬ್ಬಳು ಜೊತೆಗಾರ್ತಿ ಬಂದಿದ್ದಳು. ಪ್ರೇಕ್ಷಾ, ಹೊಳೆನರಸೀಪುರ ಪೇಟೆಯವಳು, ಎಂ.ಎಸ್ಸಿ. ಪ್ರಾಣಿಶಾಸ್ತ್ರ ಮುಗಿಸಿ ತರಬೇತಿಗೆಂದು ಸೇರಿದವಳು. ಚುರುಕು, ಆದರೆ ಇಪ್ಪತ್ತನಾಲ್ಕರ ಹುಡುಗಿ. ಅವಳನ್ನು ಇನ್ನೂ ಬಸ್ಸುಗಳ ಮುಂದೆ ನಿಲ್ಲಿಸಿರಲಿಲ್ಲ. ಮುಳ್ಳುಹಂದಿಯ ಫಲಕದಲ್ಲಿ ತೂಕ ತಪ್ಪಾಗಿ ಬರೆಸಿದಳೆಂದು ಧನಲಕ್ಷ್ಮಿ ಅವಳಿಗೆ ಎಲ್ಲರೆದುರು ರೇಗಿಬಿಟ್ಟಳು. ಪ್ರೇಕ್ಷಾ ಅಳಲಿಲ್ಲ. ಫಲಕ ತಿದ್ದಿ ತಂದು ತೋರಿಸಿದಳು. ಆಮೇಲೆ ಮೆತ್ತಗೆ, “ಅಕ್ಕ, ನಿಮ್ಮ ಒಂದೆರಡು ಬಸ್ಸು ನನಗೆ ಕೊಡಿ,” ಎಂದಳು.

“ನಿಂಗೆ ಇನ್ನೂ ಗೊತ್ತಾಗಲ್ಲ ಸುಮ್ನಿರು,” ಎಂದಳು ಧನಲಕ್ಷ್ಮಿ. ಈ ಸುಳ್ಳನ್ನು ಆ ಹುಡುಗಿಯ ಬಾಯಿಗೆ ಹಾಕುವುದು ಬೇಡವೆಂಬುದೂ ಅದರಲ್ಲಿತ್ತು. ಅದನ್ನು ಬಿಡಿಸಿ ಹೇಳಲು ಅವಳಿಗೆ ಆಗಲಿಲ್ಲ.

ಕ್ರಿಸ್‌ಮಸ್ ರಜೆ ಮುಗಿಯುವ ಹೊತ್ತಿಗೆ ಚನ್ನರಾಯಪಟ್ಟಣದ ಒಂದು ಶಾಲೆಯಿಂದ ದಪ್ಪ ಲಕೋಟೆ ಬಂತು. ಡಿಸೆಂಬರಿನಲ್ಲಿ ಬಂದು ಹೋಗಿದ್ದ ಐದನೇ ತರಗತಿಯವರು. ಒಳಗೆ ನಲವತ್ತೆರಡು ಅಂಚೆ ಕಾರ್ಡು. ‘ಪ್ರೀತಿಯ ಭೀಮ, ಬೇಗ ಹುಷಾರಾಗು.’ ‘ಮಾತ್ರೆ ಕಹಿ ಇದ್ದರೆ ಬೆಲ್ಲದ ಜೊತೆ ನುಂಗು.’ ‘ನಮ್ಮ ಶಾಲೆಯಲ್ಲಿ ದಿನಾ ನಿನಗಾಗಿ ಪ್ರಾರ್ಥನೆ ಮಾಡುತ್ತೇವೆ.’ ಕೆಲವರು ಕರಡಿಯ ಚಿತ್ರ ಬಿಡಿಸಿದ್ದರು. ಒಂದರಲ್ಲಿ ಕರಡಿ ಕಂಬಳಿ ಹೊದ್ದು ಮಂಚದ ಮೇಲೆ ಮಲಗಿತ್ತು, ಪಕ್ಕದಲ್ಲಿ ಸೀರೆಯುಟ್ಟ ಹೆಂಗಸೊಬ್ಬಳು ಮೈಕು ಹಿಡಿದು ನಿಂತಿದ್ದಳು. ಧನಲಕ್ಷ್ಮಿ ಎಲ್ಲವನ್ನೂ ಮತ್ತೆ ಲಕೋಟೆಗೆ ಹಾಕಿ ಮೇಜಿನ ಡ್ರಾಯರಿಗೆ ತಳ್ಳಿ ಬೀಗ ಹಾಕಿದಳು.

ಜನವರಿ ಎರಡನೇ ತಾರೀಕು. ಹೊಳೆನರಸೀಪುರದ ಕಡೆಯಿಂದ ಬಂದ ನಾಲ್ಕನೇ ತರಗತಿಯ ಮಕ್ಕಳು ಖಾಲಿ ಕರಡಿ ಆವರಣದ ಮುಂದೆ ನಿಂತಿದ್ದರು. ಧನಲಕ್ಷ್ಮಿ ಎಂದಿನ ಮಾತು ಹೇಳಿದಳು. ಮುಂದಿನ ಸಾಲಿನ ಒಬ್ಬ ಹುಡುಗಿ, ಕೊರಳಲ್ಲಿದ್ದ ಗುರುತಿನ ಚೀಟಿಯಲ್ಲಿ ‘ಮಾನ್ಯ’ ಎಂದಿತ್ತು, ಕೈ ಎತ್ತಿದಳು.

“ಮಿಸ್, ನಮ್ ತಾತುಂಗೂ ಇಂಗೇ ಅಂದಿದ್ರು. ಆಸ್ಪತ್ರೇಲವ್ರೆ, ಉಷಾರಾಗ್ ಬತ್ತಾರೆ ಅಂತ. ಆಮೇಲ್ ನೋಡುದ್ರೆ ಸತ್ತೋಗಿದ್ರು.” ಖಾಲಿ ಆವರಣದ ಕಡೆ ನೋಡಿ ಕೇಳಿದಳು, “ಭೀಮ ಸತ್ತೋಗವ್ನಾ ಮಿಸ್?”

ಹುಡುಗಿಯ ಮುಖದಲ್ಲಿ ಹೆದರಿಕೆಯಿರಲಿಲ್ಲ. ಸರಿಯಾದ ಉತ್ತರ ಬೇಕು ಎಂಬುದಷ್ಟೇ ಇತ್ತು.

“ಹೌದು ಕಣಮ್ಮ,” ಎಂದಳು ಧನಲಕ್ಷ್ಮಿ. ಸ್ಪೀಕರ್ ಆನ್ ಇತ್ತು. “ಸತ್ತೋಗಿದ್ದಾನೆ. ಮೂರು ವಾರ ಆಯ್ತು.”

ಮಾನ್ಯ “ಸರಿ ಮಿಸ್” ಎಂದಳು. ಅಳತೊಡಗಿದ್ದು ಬೇರೆ ಮಕ್ಕಳು. ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿ ಇಡೀ ಸಾಲು ಅಳತೊಡಗಿತು. ಜೊತೆಗೆ ಬಂದಿದ್ದ ಮಾಸ್ತರರು ಸಿಟ್ಟಾದರು. “ಖುಷಿಯಾಗಿರಲಿ ಅಂತ ಟೂರಿಗೆ ಕರ್ಕೊಂಡು ಬಂದ್ರೆ ಮಕ್ಕಳನ್ನ ಅಳಿಸ್ತೀರಲ್ಲ ಮೇಡಂ! ಇಷ್ಟು ದಿನ ಮುಚ್ಚಿಟ್ಟಿದ್ದು ಯಾಕೆ?” ಪಕ್ಕದಲ್ಲಿದ್ದ ಯಾರೋ ಮೊಬೈಲ್ ಎತ್ತಿ ಹಿಡಿದಿದ್ದರು. ಧನಲಕ್ಷ್ಮಿ ಕಟ್ಟೆಯ ಮೇಲೆ ಕೂತುಬಿಟ್ಟಳು.

ಪ್ರೇಕ್ಷಾ ಓಡಿಬಂದಳು. ಧನಲಕ್ಷ್ಮಿಯ ಸೊಂಟದಿಂದ ಸ್ಪೀಕರ್ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಳು, ಮೈಕು ತೆಗೆದು ತನಗೆ ಹಾಕಿಕೊಂಡಳು. “ನೀವು ಹೋಗಿ ಅಕ್ಕ. ನಾನು ನೋಡ್ಕೋತೀನಿ,” ಎಂದವಳು ಮಕ್ಕಳ ಕಡೆ ತಿರುಗಿದಳು. “ಯಾರ್ಯಾರಿಗೆ ಅಳು ಬರ್ತಿದೆಯೋ ಅವರೆಲ್ಲ ಇಲ್ಲಿ ಕೂತ್ಕೊಳ್ಳಿ. ನಾವೆಲ್ಲ ಅವನ ಬಗ್ಗೆ ಮಾತಾಡೋಣ.”

ಅಷ್ಟರಲ್ಲಿ ನಂಜಯ್ಯ ಬಂದು ಧನಲಕ್ಷ್ಮಿಯನ್ನು ಎಬ್ಬಿಸಿ ಪ್ರಾಣಿಗಳ ಅಡುಗೆಮನೆಗೆ ಕರೆದುಕೊಂಡು ಹೋದ. ಮಣೆ ಹಾಕಿ ಕೂರಿಸಿ, ಮುಂದೆ ಒಂದು ಸಿಹಿಗುಂಬಳ, ಒಂದು ಚಾಕು ಇಟ್ಟ. “ಎಚ್ಚವ್ವ,” ಎಂದ. “ಕಡವೆಗೆ ಬೇಕು.”

ಇಬ್ಬರೂ ಹೆಚ್ಚುತ್ತ ಕೂತರು. ಅರ್ಧ ಕಾಯಿ ಮುಗಿದ ಮೇಲೆ ನಂಜಯ್ಯನೇ ಮಾತು ಶುರುಮಾಡಿದ.

“ನಾನೂ ಯಾರ್ ತಾವ್ಲೂ ಏಳಿಲ್ಲ ಕಣವ್ವ. ನಮ್ ಎಂಗುಸ್ರು ದಿನಾ ಕೇಳ್ತಾಳೆ, ಭೀಮ ಎಂಗವ್ನೆ ಅಂತ. ಮರಿ ಆಗಿದ್ದಾಗ ಅವ್ಳೂ ಆಲು ಕುಡ್ಸವ್ಳೆ ಅದುಕ್ಕೆ. ಚೆಂದಾಗವ್ನೆ ಅಂತೀನಿ. ನಿನ್ನೆ ರಾಗಿಮುದ್ದೆ ಜಾಸ್ತಿ ಮಾಡ್ ಕೊಟ್ಟವ್ಳೆ, ಅವ್ನಿಗೂ ಒಂದ್ ತುತ್ತು ಆಕಿ ಅಂತ.” ಚಾಕು ನಿಲ್ಲಿಸಿದ. “ದಾರೀಲಿ ಕೂತ್ಕಂಡು ನಾನೇ ತಿಂದ್ಬುಟ್ಟೆ.”

ಧನಲಕ್ಷ್ಮಿಗೆ ಮೊದಲು ನಗು ಬಂತು, ಹಿಂದೆಯೇ ಅಳು. ಮೂರು ವಾರದಲ್ಲಿ ಅವಳು ಅತ್ತದ್ದು ಅದೇ ಮೊದಲು. ದಿನಾ ಬೆಳಿಗ್ಗೆ ಖಾಲಿ ಆವರಣವನ್ನು ನಂಜಯ್ಯ ಗುಡಿಸುವುದನ್ನು ಅವಳು ನೋಡಿದ್ದಳು. ಯಾಕೆ ಗುಡಿಸುತ್ತೀಯೆಂದು ಒಮ್ಮೆಯೂ ಕೇಳಿರಲಿಲ್ಲ.

ನಾಲ್ಕು ಗಂಟೆಗೆ ಸುದರ್ಶನ್ ಅವರಿಂದ ಕರೆ ಬಂತು. ವಿಡಿಯೋ ಆಗಲೇ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಧನಲಕ್ಷ್ಮಿ ಒಬ್ಬಳೇ ಹೊರಟಳು. ಬಾಗಿಲ ಹತ್ತಿರ ತಿರುಗಿ ನೋಡಿದರೆ ಹಿಂದೆ ಪ್ರೇಕ್ಷಾ, ಅವಳ ಹಿಂದೆ ನಂಜಯ್ಯ.

“ಮಧ್ಯಾಹ್ನದಿಂದ ಹನ್ನೆರಡು ಫೋನು ಬಂದಿದೆ ಮೇಡಂ,” ಎಂದರು ಸುದರ್ಶನ್. “ನಾನು ಏನು ಹೇಳಿದ್ದೆ, ನೀವು ಏನು ಮಾಡಿದ್ರಿ?”

“ಮಗು ನೇರವಾಗಿ ಕೇಳ್ತು ಸರ್. ಇನ್ನು ನನ್ನ ಕೈಲಿ ಆಗಲಿಲ್ಲ.”

“ಸರ್,” ಎಂದಳು ಪ್ರೇಕ್ಷಾ. “ಈ ಮೂರು ವಾರದಲ್ಲಿ ನೂರಕ್ಕೂ ಹೆಚ್ಚು ಬಸ್ಸು ಬಂದಿದೆ. ಅಷ್ಟೂ ಮಕ್ಕಳ ಮುಂದೆ ನಿಂತು ಸುಳ್ಳು ಹೇಳಿದ್ದು ಅಕ್ಕ ಒಬ್ಬರೇ. ನಾವ್ಯಾರೂ ಹೇಳಲಿಲ್ಲ. ನೀವೂ ಹೇಳಲಿಲ್ಲ.”

ಸುದರ್ಶನ್ ಅವಳನ್ನೇ ನೋಡಿದರು. ತರಬೇತಿಯ ಹುಡುಗಿ ಹಾಗೆ ಮಾತಾಡಿದ್ದು ಆ ಕೋಣೆಯಲ್ಲಿ ಅದೇ ಮೊದಲಿರಬೇಕು. ನಂಜಯ್ಯ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ, “ಒಂದ್ ಬೋರ್ಡ್ ಆಕ್ಬುಡಿ ಸಾ. ಸತ್ತೋಗೋದೇನ್ ತಪ್ಪಾ? ವಯಸ್ಸಾಗಿತ್ತು, ಓದ. ನಾವ್ ಚೆಂದಾಗ್ ನೋಡ್ಕಂಡಿದ್ವಿ. ಮುಚ್ಚಿಕ್ಕುದ್ರೆ ಕೊಂದಾಕ್ದೋರಂಗ್ ಕಾಣ್ತೀವಿ ಸಾ.”

“ಮೇಲಿನಿಂದ ನನಗೆ ಹೇಳಿದ್ದನ್ನ ನಾನು ನಿಮಗೆ ಹೇಳಿದೆ,” ಎಂದರು ಸುದರ್ಶನ್. “ಅದನ್ನ ದಿನಾ ಮಕ್ಕಳಿಗೆ ಹೇಳೋರು ಯಾರು ಅಂತ ನಾನು ಯೋಚನೆ ಮಾಡಲಿಲ್ಲ.”

ಹಾಗೆಂದು ಎಲ್ಲವೂ ಅಲ್ಲೇ ಸರಿಹೋಗಲಿಲ್ಲ. ಮಾರನೆಯ ದಿನ ಧನಲಕ್ಷ್ಮಿಗೆ ವಿವರಣೆ ಕೇಳಿ ನೋಟಿಸು ಬಂತು. ಅವಳು ಉತ್ತರವಾಗಿ ನಾಲ್ಕು ಸಾಲು ಬರೆದು ಕೊಟ್ಟಳು. ಅದರ ಮೇಲೆ ಯಾವ ಕ್ರಮವೂ ಆಗಲಿಲ್ಲ, ಅದನ್ನು ಕೈಬಿಟ್ಟಿದ್ದೇವೆ ಎಂದು ಯಾರೂ ತಿಳಿಸಲೂ ಇಲ್ಲ. ಆದರೆ ಸುದರ್ಶನ್ ಪ್ರಯೋಗಾಲಯಕ್ಕೆ ತಾವೇ ಫೋನು ಮಾಡಿ ಬೆನ್ನು ಹತ್ತಿದರು. ಐದನೆಯ ದಿನ ವರದಿ ಬಂತು. ವಯಸ್ಸಿನಿಂದ ಮೂತ್ರಪಿಂಡ ಸೋತಿತ್ತು, ಸೋಂಕಿನ ಸುಳಿವೂ ಇರಲಿಲ್ಲ. ಅದೇ ವಾರ ಆವರಣದ ಮುಂದೆ ಬೋರ್ಡು ನಿಂತಿತು. ಹುಟ್ಟಿದ ಅಂದಾಜು ವರ್ಷ, ಸಿಕ್ಕ ಜಾಗ, ಸತ್ತ ದಿನ, ಕಾರಣ. ಒಕ್ಕಣೆ ಧನಲಕ್ಷ್ಮಿಯದು. ‘ಸಾಕಿದವರು: ನಂಜಯ್ಯ ಮತ್ತು ಅವರ ಮನೆಯವರು’ ಎಂಬ ಸಾಲನ್ನು ಸೇರಿಸಿದವಳು ಪ್ರೇಕ್ಷಾ. ನಂಜಯ್ಯ ಒಂದು ಭಾನುವಾರ ಹೆಂಡತಿಯನ್ನು ಕರೆತಂದು ಬೋರ್ಡಿನ ಮುಂದೆ ನಿಲ್ಲಿಸಿ ಓದಿಸಿದ. ಆಕೆ ಓದಿ, ಗಂಡನ ಬೆನ್ನಿಗೊಂದು ಗುದ್ದಿದಳು.

ಕೆಲಸದ ರೀತಿಯೂ ಒಂದಿಷ್ಟು ಬದಲಾಯಿತು. ಒಬ್ಬರೇ ದಿನಕ್ಕೆ ಮೂರು ಬಸ್ಸಿಗಿಂತ ಹೆಚ್ಚು ನೋಡುವಂತಿಲ್ಲ ಎಂದಾಯಿತು. ಪ್ರೇಕ್ಷಾಗೂ ಬಸ್ಸು ಹಂಚಿದರು. ಸೋಮವಾರ ಸಂಜೆ ಗೇಟು ಮುಚ್ಚಿದ ಮೇಲೆ ಎಲ್ಲರೂ ಅರ್ಧ ಗಂಟೆ ಟೀ ಕುಡಿಯುತ್ತ ಕೂರಬೇಕು ಎಂದು ಪ್ರೇಕ್ಷಾ ಹಟ ಹಿಡಿದಳು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ವಾರ ಬರೀ ಪಾಳಿಯ ಜಗಳ. ಮೂರನೆಯ ವಾರ ಚಿರತೆ ನೋಡಿಕೊಳ್ಳುವ ದಿಲೀಪ್, ಆರಡಿ ಆಳು, ಸಂದರ್ಶಕನೊಬ್ಬ ತನ್ನ ಜಾತಿ ಹಿಡಿದು ಬೈದದ್ದನ್ನು ಹೇಳಿದ. ಆ ಮಾತು ಕೇಳಿ ಎರಡು ವರ್ಷವಾಗಿತ್ತಂತೆ. ಇಷ್ಟು ದಿನ ಒಬ್ಬನೇ ಇಟ್ಟುಕೊಂಡಿದ್ದ. ಧನಲಕ್ಷ್ಮಿ ತನಗೂ ಅಂಥದು ಆಗಿದೆ, ಒಂದಲ್ಲ ಮೂರು ಸಲ, ಎಂದಳು. ಸುದರ್ಶನ್ ಆ ದಿನ ಕೂತಿದ್ದರು. ಅಂಥದು ಇನ್ನೊಮ್ಮೆ ಆದರೆ ನನ್ನನ್ನು ಕರೆಯಿರಿ, ದೂರು ನಾನೇ ಬರೆಸುತ್ತೇನೆ ಎಂದರು. ಮುಂದೆ ಒಮ್ಮೆ ಹಾಗೇ ಮಾಡಿದರು ಕೂಡ.

ಉಳಿದದ್ದು ಅಂಚೆ ಕಾರ್ಡುಗಳು. ಉತ್ತರ ಬರೆದರಾಯಿತು ಎಂದು ಧನಲಕ್ಷ್ಮಿ ಎರಡು ಸಲ ಕೂತಳು, ಬರೆಯಲಾಗಲಿಲ್ಲ. ಫೆಬ್ರುವರಿಯ ಒಂದು ಮಂಗಳವಾರ, ರಜೆಯ ದಿನ, ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಬೇಡವೆಂದರೂ ಪ್ರೇಕ್ಷಾ ಜೊತೆಗೆ ಬಂದಳು. ಮುಖ್ಯೋಪಾಧ್ಯಾಯಿನಿಗೆ ಧನಲಕ್ಷ್ಮಿ ಮೊದಲೇ ಫೋನು ಮಾಡಿ ಎಲ್ಲ ಹೇಳಿದ್ದಳು.

ಮಕ್ಕಳ ಮುಂದೆ ಸ್ಪೀಕರ್ ಇಲ್ಲದೆ ನಿಂತು, ಭೀಮ ಸತ್ತಿದ್ದಾನೆ, ನೀವು ಬಂದ ದಿನವೂ ಅವನಿರಲಿಲ್ಲ, ನಾನು ಸುಳ್ಳು ಹೇಳಿದೆ, ತಪ್ಪಾಯಿತು ಎಂದಳು. ಆಮೇಲೆ ಒಂದೊಂದೇ ಪ್ರಶ್ನೆ ಬಂತು. ಅವನಿಗೆ ನೋವಾಯ್ತಾ? ಡಾಕ್ಟರು ನೋವಿಗೆ ಔಷಧಿ ಕೊಟ್ಟಿದ್ದರು. ಹೂಳಿದ್ರಾ? ಇಲ್ಲ, ಸುಟ್ಟೆವು. ಯಾರು ಅತ್ತರು? ನಂಜಯ್ಯ ಅಂತ ಒಬ್ಬರಿದ್ದಾರೆ, ಅವರು. ನಾನೂ ಅತ್ತೆ, ತಡವಾಗಿ.

“ಅಂಗಾರೆ ನಮ್ ಪ್ರಾರ್ಥನೆ?” ಎಂದಳು ಹಿಂದಿನ ಬೆಂಚಿನ ಹುಡುಗಿ.

ಗೊತ್ತಿಲ್ಲ ಎಂದೇ ಹೇಳಿದಳು ಧನಲಕ್ಷ್ಮಿ.

ಇನ್ನೊಬ್ಬ ಹುಡುಗ ಎದ್ದು ನಿಂತ. “ಮಿಸ್, ನನ್ ಕಾರ್ಡ್ ವಾಪಸ್ ಕೊಡ್ತೀರಾ? ಅದ್ರಲ್ಲಿ ಕರಡಿ ಚೆನ್ನಾಗ್ ಬಂದಿತ್ತು.” ಅವಳು ಲಕೋಟೆ ತಂದಿದ್ದಳು. ಮೇಜಿನ ಮೇಲೆ ಕಾರ್ಡುಗಳನ್ನು ಹರಡಿದಳು, ಬೇಕಾದವರು ತೆಗೆದುಕೊಳ್ಳಿ ಎಂದಳು. ಹದಿನೇಳು ಮಕ್ಕಳು ತಮ್ಮದನ್ನು ತೆಗೆದುಕೊಂಡರು. ಉಳಿದವರು ನೀವೇ ಇಟ್ಟುಕೊಳ್ಳಿ ಎಂದರು. ಗಂಟೆ ಹೊಡೆಯಿತು. ಬಿಸಿಯೂಟಕ್ಕೆ ಇಬ್ಬರನ್ನೂ ಮಕ್ಕಳ ಸಾಲಿನಲ್ಲೇ ಕೂರಿಸಿ ಅನ್ನ ಸಾಂಬಾರು ಬಡಿಸಿದರು. ಪಕ್ಕದಲ್ಲಿ ಕೂತ ಹುಡುಗನೊಬ್ಬ ಊಟ ಮುಗಿಯುವವರೆಗೂ ಮುಳ್ಳುಹಂದಿ ಮುಳ್ಳು ಎಸೆಯುತ್ತದೆ ಎಂದು ವಾದಿಸಿದ. ಎಸೆಯುವುದಿಲ್ಲ, ತಾಗಿದರೆ ಕಳಚಿಕೊಳ್ಳುತ್ತದೆ ಅಷ್ಟೆ ಎಂದು ಪ್ರೇಕ್ಷಾ ಅವನಿಗೆ ಅನ್ನದ ಕೈಯಲ್ಲೇ ವಿವರಿಸುತ್ತಿದ್ದಳು.

ನಂಜಯ್ಯ ಕಳೆದ ಮೇ ತಿಂಗಳಲ್ಲಿ ನಿವೃತ್ತನಾದ. ಪ್ರೇಕ್ಷಾಳ ತರಬೇತಿ ಮುಗಿದು ಅವಳಿಗೂ ಗುತ್ತಿಗೆಯ ಹುದ್ದೆ ಸಿಕ್ಕಿತು. ಧನಲಕ್ಷ್ಮಿ ಈಗಲೂ ಹೊನ್ನೇಗುಡ್ಡದಲ್ಲೇ ಇದ್ದಾಳೆ. ಡಿಸೆಂಬರಿನಲ್ಲಿ ಗಂಟಲು ಒಮ್ಮೊಮ್ಮೆ ಕಟ್ಟುತ್ತದೆ. ಆಗ ಅವಳು ಪ್ರೇಕ್ಷಾಳಿಗೆ ಹೇಳಿ ಆ ಬಸ್ಸನ್ನು ಅವಳಿಗೆ ಬಿಡುತ್ತಾಳೆ. ಮನೆಗೆ ಹೋಗಿ ಅಶೋಕನಿಗೂ ಹೇಳುತ್ತಾಳೆ.